ಮೂರನೇ ದಾಳಿಗೆ ಹೋಗುವವನು ಯಾರು?

ಪ್ರೊ ಕಬಡ್ಡಿ ಲೀಗ್‌ನ 11ನೇ ಆವೃತ್ತಿ ನಡೆದದ್ದು 2024ರ ಕೊನೆಯ ತಿಂಗಳುಗಳಲ್ಲಿ. ಆಗ ಪಟ್ನಾ ಪೈರೇಟ್ಸ್ ತಂಡದ ದಾಳಿಯ ಹೊಣೆ ಇಬ್ಬರು ಯುವಕರ ಮೇಲಿತ್ತು. ಒಬ್ಬರು ದೇವಾಂಕ್ ದಲಾಲ್, ಮತ್ತೊಬ್ಬರು ಅಯಾನ್ ಲೋಹ್‌ಚಬ್. ದೇವಾಂಕ್ 301 ರೈಡ್ ಅಂಕ ಗಳಿಸಿ ಇಡೀ ಲೀಗ್‌ಗೇ ಮೊದಲಿಗರಾದರು. ಅಯಾನ್ ಲೆಕ್ಕ 184ಕ್ಕೆ ನಿಂತಿತು. ತಂಡ ಫೈನಲ್‌ವರೆಗೂ ಬಂದು ಡಿಸೆಂಬರ್ 29ರಂದು ಪುಣೆಯಲ್ಲಿ ಹರಿಯಾಣ ಸ್ಟೀಲರ್ಸ್‌ಗೆ 32–23ರಿಂದ ಸೋತಿತು.

ಮುಂದಿನ ಹರಾಜು ಮುಂಬೈಯಲ್ಲಿ, 2025ರ ಮೇ 31 ಮತ್ತು ಜೂನ್ 1ರಂದು. ದೇವಾಂಕ್ ಅವರನ್ನು ಬೆಂಗಾಲ್ ವಾರಿಯರ್ಸ್ 2 ಕೋಟಿ 20 ಲಕ್ಷ 50 ಸಾವಿರ ರೂಪಾಯಿಗೆ ಕೊಂಡಿತು. ಅಯಾನ್ ಹರಾಜಿಗೇ ಬರಲಿಲ್ಲ. ಹೊಸ ಯುವ ಆಟಗಾರರ ಯೋಜನೆಯಡಿ ಬಂದಿದ್ದ ಅವರನ್ನು ಪಟ್ನಾ ತನ್ನಲ್ಲೇ ಉಳಿಸಿಕೊಂಡಿತು. ಆ ವರ್ಷದ 12ನೇ ಆವೃತ್ತಿ ಮುಗಿದಾಗ ರೈಡ್ ಅಂಕಗಳ ಪಟ್ಟಿಯ ತುದಿಯಲ್ಲಿ ಇದ್ದದ್ದು ಅಯಾನ್, 316 ಅಂಕಗಳೊಂದಿಗೆ. ದೇವಾಂಕ್ ಚೆನ್ನಾಗಿಯೇ ಆಡಿದರು, ಸೂಪರ್ ಟೆನ್ (ಒಂದೇ ಪಂದ್ಯದಲ್ಲಿ ಹತ್ತೋ ಅದಕ್ಕಿಂತ ಹೆಚ್ಚೋ ರೈಡ್ ಅಂಕ) ಮೇಲೆ ಸೂಪರ್ ಟೆನ್ ತಂದರು. ಆದರೆ ಅವರ ತಂಡ ಪ್ಲೇಆಫ್ ಮುಟ್ಟಲಿಲ್ಲ.

ಹಾಗಾದರೆ ಇಬ್ಬರಲ್ಲಿ ದೊಡ್ಡ ಆಟಗಾರ ಯಾರು? 301 ಮತ್ತು 184ರ ನಡುವಿನ 117 ಅಂಕಗಳ ಅಂತರ ಒಂದೇ ವರ್ಷದಲ್ಲಿ ಎಲ್ಲಿ ಹೋಯಿತು? ಎಳೆಯ ದಾಳಿಗಾರರನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ಅಳೆಯುವ ಪ್ರತಿಯೊಬ್ಬರಿಗೂ ಎದುರಾಗುವ ಪ್ರಶ್ನೆ ಇದು. ತಂಡದ ಮಾಲೀಕರಿಗೆ, ಕೋಚ್‌ಗಳಿಗೆ ಮಾತ್ರವಲ್ಲ, ಮಗನನ್ನು ಸಂಜೆ ಅಭ್ಯಾಸಕ್ಕೆ ಬಿಟ್ಟು ಬರುವ ಬೆಂಗಳೂರಿನ ಕೆಂಗೇರಿಯ ತಂದೆಗೂ ಇದು ಎದುರಾಗುತ್ತದೆ.

ಒಟ್ಟು ಅಂಕ ನೋಡಿ ರೈಡರ್‌ನನ್ನು ತೂಗುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ತಪ್ಪು ದಾರಿಯೂ ಅದೇ. ಏಕೆಂದು ತಿಳಿಯಲು ಒಂದು ದಾಳಿಯನ್ನು ಹತ್ತಿರದಿಂದ ನೋಡಬೇಕು.

ಮ್ಯಾಟ್‌ನ ಉದ್ದ 13 ಮೀಟರ್, ಅಗಲ 10 ಮೀಟರ್. ಒಂದೊಂದು ತಂಡದ ಪಾಲಿಗೆ ಆರೂವರೆ ಮೀಟರ್ ಆಳದ ಅಂಕಣ. ರೈಡರ್ ಮಧ್ಯಗೆರೆ ದಾಟುವಾಗಲೇ ‘ಕಬಡ್ಡಿ ಕಬಡ್ಡಿ’ ಶುರುವಾಗಿರಬೇಕು. ಕೈಯಲ್ಲಿರುವುದು 30 ಸೆಕೆಂಡ್. ಮುಂದೆ 3.75 ಮೀಟರ್ ದೂರದಲ್ಲಿ ಬಾಲ್ಕ್ ಗೆರೆ. ಯಾರನ್ನೂ ಮುಟ್ಟದಿದ್ದರೆ ಅದನ್ನು ದಾಟಿ ಬಂದರೆ ಮಾತ್ರ ದಾಳಿ ಊರ್ಜಿತ. ಅದರಾಚೆ ಒಂದು ಮೀಟರ್‌ಗೆ ಬೋನಸ್ ಗೆರೆ. ಎದುರು ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ, ಅದೂ ಮುಂಗಾಲು ಗೆರೆಯಾಚೆ ಊರಿದ ಕ್ಷಣದಲ್ಲಿ ಹಿಂಗಾಲು ನೆಲ ಬಿಟ್ಟಿದ್ದರೆ. ಒಂಟಿ ಕಾಲಿನ ಮೇಲೆ ಮೈಭಾರವೆಲ್ಲ ನಿಂತ ಆ ಅರೆಗಳಿಗೆಗಾಗಿಯೇ ಅಂಚಿನಲ್ಲಿ ನಿಂತ ಎದುರಾಳಿಯ ಕಾರ್ನರ್ ಆಟಗಾರ ಕಾದಿರುತ್ತಾನೆ. ಪಾದದ ಗಿಣ್ಣಿಗೆ ಕೈ ಹಾಕಿದನೆಂದರೆ ಒಳಬದಿಯ ಕವರ್‌ನಲ್ಲಿರುವವನು ಓಡಿ ಬಂದು ಸೊಂಟಕ್ಕೆ ಗುದ್ದುತ್ತಾನೆ, ಉಳಿದವರು ಮೈಮೇಲೆ ಬೀಳುತ್ತಾರೆ. ಆ ಹಿಡಿತ ಬಿಗಿಯಾಗುವ ಮೊದಲೇ ಕಾಲು ಕಿತ್ತುಕೊಂಡು ಮಧ್ಯಗೆರೆಗೆ ಕೈ ಚಾಚಬೇಕು.

ಈಗ ಎರಡು ಬಗೆಯ ಹುಡುಗರನ್ನು ಊಹಿಸಿ. ಒಬ್ಬ ಪಂದ್ಯಕ್ಕೆ 20 ಬಾರಿ ದಾಳಿಗೆ ಹೋಗಿ 10 ಅಂಕ ತರುತ್ತಾನೆ. ಅವನಿಗೆ ಪಟ್ಟಿಯಲ್ಲಿ ‘ಸೂಪರ್ ಟೆನ್’ ಸಲ್ಲುತ್ತದೆ, ಹೆಸರು ಪತ್ರಿಕೆಗೆ ಬರುತ್ತದೆ. ಇನ್ನೊಬ್ಬ 11 ಬಾರಿ ಹೋಗಿ 7 ಅಂಕ ತರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಆದರೆ ಮೊದಲನೆಯವನಿಗೆ ಅಷ್ಟು ದಾಳಿ ಸಿಕ್ಕಿದ್ದೇ ಎರಡನೆಯವನಿಂದ ಇರಬಹುದು. ಮುಖ್ಯ ರೈಡರ್ ಔಟಾಗಿ ಹೊರಗೆ ಕುಳಿತಾಗ ಎದುರಾಳಿಯೊಬ್ಬನನ್ನು ಮುಟ್ಟಿ ಅಂಕ ತಂದರೆ ಒಬ್ಬ ಆಟಗಾರ ಒಳಗೆ ಬರುತ್ತಾನೆ. ಹಾಗೆ ಮುಖ್ಯ ರೈಡರ್‌ನನ್ನು ಮತ್ತೆ ಮತ್ತೆ ಒಳಗೆ ಕರೆತರುವವನು ಜೊತೆಗಾರ. ಅವನ 7 ಅಂಕಗಳಲ್ಲಿ ತಂಡದ ಉಸಿರಿದೆ. ಪಟ್ನಾದಲ್ಲಿ ಒಂದು ವರ್ಷ ಅಯಾನ್ ಆ ಕೆಲಸ ಮಾಡಿದರು. ದೇವಾಂಕ್ ಹೋದ ಮೇಲೆ ಮುಖ್ಯ ರೈಡರ್ ಪಾಲಿನ ದಾಳಿಗಳೆಲ್ಲ ಅವರಿಗೇ ಬಂದವು. ಆ 117ರ ಅಂತರದಲ್ಲಿ ಎಷ್ಟು ಪಾಲು ಪ್ರತಿಭೆಯದ್ದು, ಎಷ್ಟು ಅವಕಾಶದ್ದು ಎಂಬುದು ಆಗ ಬಯಲಾಯಿತು.

ಇನ್ನೊಂದು ತೂಕದ ಕಲ್ಲು ಮೂರನೇ ದಾಳಿ. ತಂಡದ ಸತತ ಎರಡು ದಾಳಿ ಬರಿಗೈಯಾದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’. ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಎದುರಾಳಿಗೂ ಇದು ಗೊತ್ತು, ಅವರು ಹಿಂದೆ ಸರಿದು ಬಲೆ ಬೀಸಿ ನಿಂತಿರುತ್ತಾರೆ. ಕೆಲವು ತಂಡಗಳು ಮುಖ್ಯ ರೈಡರ್‌ನನ್ನು ಉಳಿಸಿಕೊಳ್ಳಲು ಈ ದಾಳಿಗೆ ಹೊಸ ಹುಡುಗನನ್ನು ಕಳಿಸುತ್ತವೆ. ಅವನ ದಾಳಿಗಳಲ್ಲಿ ಅರ್ಧದಷ್ಟು ಇಂಥವೇ ಆದರೆ ಅವನ ಯಶಸ್ಸಿನ ಪ್ರಮಾಣ ಕುಸಿದೇ ಕುಸಿಯುತ್ತದೆ. ಕಾಗದದ ಮೇಲೆ ಅವನು ದುರ್ಬಲ. ವಾಸ್ತವದಲ್ಲಿ ತಂಡದ ಅತಿ ಕಷ್ಟದ ಕೆಲಸ ಮಾಡುತ್ತಿರುವವನು ಅವನೇ. ಇದೇ ರೀತಿ ಎದುರು ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿತಕ್ಕೆ ಎರಡು ಅಂಕ, ಅದು ಸೂಪರ್ ಟ್ಯಾಕಲ್. ಆಗ ದುಡುಕಿ ಒಳನುಗ್ಗುವವನು ಯಾರು, ಕಾದು ಒಬ್ಬನನ್ನಷ್ಟೇ ಮುಟ್ಟಿ ಬರುವವನು ಯಾರು ಎಂಬುದು ಒಟ್ಟು ಅಂಕದಲ್ಲಿ ಕಾಣುವುದಿಲ್ಲ.

ಬೆಂಗಳೂರಿನ ಅಭಿಮಾನಿಗಳಿಗೆ ಈ ಪಾಠ ಹೊಸದಲ್ಲ, ನೋವಿನಿಂದಲೇ ಕಲಿತದ್ದು. ಪ್ರೊ ಕಬಡ್ಡಿಯ ಇತಿಹಾಸದಲ್ಲಿ ಅತಿ ಹೆಚ್ಚು, 1801 ರೈಡ್ ಅಂಕ ಗಳಿಸಿ ನಿವೃತ್ತರಾದ ಪರ್ದೀಪ್ ನರ್ವಾಲ್ ಮೊದಲು ಕಾಲಿಟ್ಟದ್ದು ಬೆಂಗಳೂರು ಬುಲ್ಸ್ ಅಂಗಿ ತೊಟ್ಟು, 2015ರ ಎರಡನೇ ಆವೃತ್ತಿಯಲ್ಲಿ. ಕೆಲವೇ ಪಂದ್ಯ ಆಡಿದರು. ಮುಂದಿನ ಆವೃತ್ತಿಗೆ ಪಟ್ನಾ ಸೇರಿ, ಸತತ ಮೂರು ಬಾರಿ ಆ ತಂಡ ಚಾಂಪಿಯನ್ ಆಗುವಲ್ಲಿ ಮುಂದೆ ನಿಂತರು. 2017ರಲ್ಲಿ ಒಂದೇ ಆವೃತ್ತಿಗೆ 369 ರೈಡ್ ಅಂಕ ತಂದರು. ಎದುರಾಳಿಗಳು ಸರಪಳಿ ಕಟ್ಟಿ ಸುತ್ತುವರಿದಾಗ ಅವರ ಕೈಗಳ ಕೆಳಗೆ ತಲೆ ತಗ್ಗಿಸಿ ನುಸುಳುವ ‘ಡುಬ್ಕಿ’ಗೆ ಪರ್ದೀಪ್ ಹೆಸರೇ ಅಂಟಿಕೊಂಡಿತು. ಆ ನುಸುಳುವಿಕೆ 2015ರಲ್ಲೂ ಅವರ ಮೈಯಲ್ಲಿ ಇದ್ದೇ ಇತ್ತು. ಅದಕ್ಕೆ ಬೇಕಾಗಿದ್ದದ್ದು ಮ್ಯಾಟ್ ಮೇಲಿನ ಹೊತ್ತು.

ಪವನ್ ಸೆಹ್ರಾವತ್ ಕಥೆ ಇನ್ನೂ ಹತ್ತಿರದ್ದು. 2016ರಲ್ಲಿ ಬುಲ್ಸ್ ಪರ ಆರಂಭಿಸಿದ ಅವರು 2017ರಲ್ಲಿ ಗುಜರಾತ್ ಸೇರಿ ಬಹುಪಾಲು ಬೆಂಚ್ ಮೇಲೆ ಕಳೆದರು. 2018ರ ಹರಾಜಿನಲ್ಲಿ ಮೋನು ಗೋಯತ್ ಅವರಿಗೆ ಹರಿಯಾಣ 1.51 ಕೋಟಿ ಕೊಟ್ಟು ಸುದ್ದಿ ಮಾಡಿತು, ರಾಹುಲ್ ಚೌಧರಿ 1.29 ಕೋಟಿಗೆ ಹೋದರು. ಪುತ್ತೂರಿನ ಕಡೆಯ ನಮ್ಮ ಪ್ರಶಾಂತ್ ಕುಮಾರ್ ರೈ ಅವರಿಗೂ ಯು.ಪಿ. ಯೋಧಾ 79 ಲಕ್ಷ ತೆತ್ತಿತು. ಪವನ್‌ಗೆ ಬುಲ್ಸ್ ಕೊಟ್ಟದ್ದು 52.8 ಲಕ್ಷ. ಆ ಆವೃತ್ತಿಯ ಅತಿ ಹೆಚ್ಚು, 271 ರೈಡ್ ಅಂಕ ಪವನ್ ಅವರದ್ದಾಯಿತು. 2019ರ ಜನವರಿ 5ರ ಫೈನಲ್‌ನಲ್ಲಿ ಗುಜರಾತನ್ನು 38–33ರಿಂದ ಮಣಿಸಿ ಬುಲ್ಸ್ ಮೊದಲ ಬಾರಿ ಕಪ್ ಎತ್ತಿದಾಗ ಅದರಲ್ಲಿ 22 ಅಂಕ ಅವರೊಬ್ಬರದ್ದೇ. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ. ಒಂದು ವರ್ಷ ಬೆಂಚ್ ಕಾಯ್ದ ಅದೇ ಕಾಲುಗಳು ಇವು.

ಹರಾಜಿನ ಬೆಲೆ ಆಟಗಾರನ ಯೋಗ್ಯತೆಗೆ ಹಿಡಿದ ಕನ್ನಡಿ ಎಂದು ನಂಬುವವರು ಅದರ ಲೆಕ್ಕಾಚಾರ ಗಮನಿಸಬೇಕು. ಇತ್ತೀಚಿನ ಹರಾಜುಗಳಲ್ಲಿ ಪ್ರತಿ ತಂಡದ ಕೈಯಲ್ಲಿರುವುದು 5 ಕೋಟಿ. ಆಟಗಾರರನ್ನು ನಾಲ್ಕು ವರ್ಗ ಮಾಡಿ ಮೂಲಬೆಲೆ ಕಟ್ಟುತ್ತಾರೆ: ‘ಎ’ ವರ್ಗಕ್ಕೆ 30 ಲಕ್ಷ, ‘ಬಿ’ಗೆ 20, ‘ಸಿ’ಗೆ 13, ‘ಡಿ’ಗೆ 9. ಮುಖ್ಯ ರೈಡರ್ ಇಲ್ಲದ ಎರಡು ತಂಡಗಳು ಒಂದೇ ಹೆಸರಿಗೆ ಪಟ್ಟು ಹಿಡಿದರೆ ಬೆಲೆ ಗಗನಕ್ಕೇರುತ್ತದೆ, ಅದೇ ಹೆಸರು ತಂಡಗಳ ಚೀಲ ಬರಿದಾದ ಮೇಲೆ ಬಂದರೆ ಮೂಲಬೆಲೆಗೇ ಹೋಗುತ್ತದೆ. ಬೆಲೆ ಹೇಳುವುದು ಕೊಳ್ಳುವವರ ಹಸಿವನ್ನು. ಪರ್ದೀಪ್ 2021ರಲ್ಲಿ 1.65 ಕೋಟಿಗೆ ಹೋದವರು, 2024ರಲ್ಲಿ 70 ಲಕ್ಷಕ್ಕೆ ಬುಲ್ಸ್‌ಗೆ ಮರಳಿದರು. ಆ ವರ್ಷ ಬುಲ್ಸ್ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. 2025ರ ಹರಾಜಿನಲ್ಲಿ ಪರ್ದೀಪ್ ಹೆಸರನ್ನು ಯಾವ ತಂಡವೂ ಕೂಗಲಿಲ್ಲ. ಅದರ ಬೆನ್ನಲ್ಲೇ ಅವರು ನಿವೃತ್ತಿ ಪ್ರಕಟಿಸಿದರು.

ಈ ಕಷ್ಟ ಕಬಡ್ಡಿಗೆ ಮಾತ್ರ ಸೇರಿದ್ದಲ್ಲ. ಆಸ್ಟ್ರೇಲಿಯಾದಲ್ಲಿ ಮೊಟ್ಟೆಯಾಕಾರದ ಚೆಂಡಿನಿಂದ ಆಡುವ ಅವರದೇ ಫುಟ್‌ಬಾಲ್ ಒಂದಿದೆ. ಅಲ್ಲಿ 1986ರಿಂದ ಹರಾಜಿನ ಬದಲು ‘ಡ್ರಾಫ್ಟ್’ ನಡೆಯುತ್ತದೆ: ಆಗಷ್ಟೇ ಮುಗಿದ ಲೀಗ್‌ನಲ್ಲಿ ಕೊನೆಯಲ್ಲಿ ನಿಂತ ಕ್ಲಬ್‌ಗೆ ಹೊಸ ಹುಡುಗರಲ್ಲಿ ಮೊದಲ ಆಯ್ಕೆ. ಗೋಲ್ ಕಂಬಗಳ ಮುಂದೆ ಎತ್ತರಕ್ಕೆ ನೆಗೆದು ಚೆಂಡು ಹಿಡಿದು ಗೋಲ್ ಹೊಡೆಯುವ ‘ಕೀ ಫಾರ್ವರ್ಡ್’ಗಳ ಬಗ್ಗೆಯೇ ಅಲ್ಲಿ ಹೆಚ್ಚು ವಾದ, ಏಕೆಂದರೆ ಎತ್ತರದ ಹುಡುಗರ ಮೈ ಕಸುವುಗೂಡುವುದು ತಡವಾಗಿ. 2004ರಲ್ಲಿ ಲ್ಯಾನ್ಸ್ ಫ್ರಾಂಕ್ಲಿನ್ ಎಂಬ ಹುಡುಗನನ್ನು ನಾಲ್ಕು ಆಯ್ಕೆಗಳು ದಾಟಿ ಹೋದವು, ಐದನೆಯದರಲ್ಲಿ ಹಾಥಾರ್ನ್ ಕ್ಲಬ್ ಕರೆದುಕೊಂಡಿತು. 2022ರಲ್ಲಿ ಆತ ಸಾವಿರ ಗೋಲ್‌ಗಳ ಗಡಿ ದಾಟಿದರು. 2013ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಟಾಮ್ ಬಾಯ್ಡ್ ಕೂಡ ಕೀ ಫಾರ್ವರ್ಡ್. 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಚಾಂಪಿಯನ್ ಆದಾಗ ಫೈನಲ್‌ನಲ್ಲಿ ಮಿಂಚಿದರು, ಮಾನಸಿಕ ಆರೋಗ್ಯದ ತೊಂದರೆಗಳ ನಡುವೆ 2019ರಲ್ಲಿ, ಇನ್ನೂ 23ರ ವಯಸ್ಸಿನಲ್ಲಿ ಆಟ ಬಿಟ್ಟರು. ಹದಿನೆಂಟರ ಹುಡುಗನ ಎತ್ತರ, ಓಟ, ನೆಗೆತ ಎಲ್ಲವನ್ನೂ ಅಲ್ಲಿ ಅಳೆದು ಬರೆದಿಡುತ್ತಾರೆ. ‘ನೀನೇ ಮೊದಲಿಗ’ ಎಂಬ ಮಾತಿನ ಭಾರವನ್ನು ಅವನು ಹೇಗೆ ಹೊರುತ್ತಾನೆ ಎಂಬುದಕ್ಕೆ ಅಲ್ಲಿಯೂ ಅಳತೆಗೋಲಿಲ್ಲ.

ಕಬಡ್ಡಿಯಲ್ಲಿ ಆ ಭಾರ ಬೀಳುವುದು ಮಂಡಿಯ ಮೇಲೂ ಹೌದು. ನವೀನ್ ಕುಮಾರ್ 2019ರಲ್ಲಿ ದಬಂಗ್ ಡೆಲ್ಲಿ ಪರ ಸೂಪರ್ ಟೆನ್‌ಗಳ ಸರಮಾಲೆಯನ್ನೇ ಕಟ್ಟಿದಾಗ ಅವರಿಗಿನ್ನೂ ಹದಿಹರೆಯ. ಓಡುತ್ತಲೇ ಕೈ ಚಾಚಿ ಮುಟ್ಟಿ ಹಿಂದಿರುಗುವ ಅವರ ವೇಗಕ್ಕೆ ‘ಎಕ್ಸ್‌ಪ್ರೆಸ್’ ಎಂದೇ ಹೆಸರು ಬಿತ್ತು. ಮಂಡಿಯ ಗಾಯ ಅವರನ್ನು 10ನೇ ಆವೃತ್ತಿಯ ಬಹುಭಾಗ ಹೊರಗಿಟ್ಟಿತು. ಆಗ ಎದ್ದು ನಿಂತವರು ಅದುವರೆಗೆ ಅವರ ಜೊತೆಗಾರರಾಗಿದ್ದ ಆಶು ಮಲಿಕ್. 2025ರಲ್ಲಿ ಡೆಲ್ಲಿ ಆಶು ಅವರನ್ನು 1.90 ಕೋಟಿಗೆ ಉಳಿಸಿಕೊಂಡಿತು, ಅವರ ನಾಯಕತ್ವದಲ್ಲೇ 12ನೇ ಆವೃತ್ತಿಯ ಕಪ್ ಗೆದ್ದಿತು. ಪವನ್ ಕೂಡ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಸೇರಿ ಮೊದಲ ಪಂದ್ಯದಲ್ಲೇ ಮಂಡಿ ನೋವಿಗೆ ಸಿಕ್ಕಿ ಇಡೀ ಆವೃತ್ತಿ ಕಳೆದುಕೊಂಡರು. ಇಬ್ಬರು ಯುವಕರಲ್ಲಿ ಒಬ್ಬನನ್ನು ಆರಿಸುವಾಗ ಮೈ ಎಷ್ಟು ಬಾಳುತ್ತದೆ ಎಂಬುದನ್ನು ಕೇಳದ ತಂಡ ಅರ್ಧ ಪರೀಕ್ಷೆ ಮಾತ್ರ ಮಾಡಿದಂತೆ.

ಈಗ ನಮ್ಮ ಪಶ್ಚಿಮ ಬೆಂಗಳೂರಿಗೆ ಬರೋಣ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮೈದಾನಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಗಣೇಶೋತ್ಸವ, ರಾಜ್ಯೋತ್ಸವದ ನೆಪ ಸಾಕು. ಜ್ಞಾನಭಾರತಿಯ ಪಕ್ಕದಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರವಿದೆ, ನಾವು ‘ಸಾಯ್’ ಎನ್ನುವುದು ಅದಕ್ಕೇ. ಅಲ್ಲಿ ಶಿಬಿರಕ್ಕೆ ಬರುವ ರಾಷ್ಟ್ರೀಯ ಹಾಕಿ ತಂಡದ ಆಟಗಾರರು ಎಷ್ಟು ಓಡಿದರು, ಎಷ್ಟು ವೇಗದಲ್ಲಿ ಓಡಿದರು ಎಂಬುದನ್ನು ಅಂಗಿಯೊಳಗಿನ ಜಿಪಿಎಸ್ ಸಾಧನ ಬರೆದಿಡುತ್ತದೆ. ಕೆಲವೇ ಕಿಲೋಮೀಟರ್ ಆಚೆ ಬಡಾವಣೆಯ ಪಂದ್ಯಾವಳಿಯಲ್ಲಿ ಆಡುವ ಕಬಡ್ಡಿ ಹುಡುಗನ ಬಗ್ಗೆ ಉಳಿಯುವುದು ‘ಬೆಸ್ಟ್ ರೈಡರ್’ ಎಂದು ಬರೆದ ಟ್ರೋಫಿ ಮಾತ್ರ.

ಅದನ್ನು ಬದಲಿಸಲು ದುಡ್ಡು ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಹುಡುಗ ಎಷ್ಟು ಬಾರಿ ದಾಳಿಗೆ ಹೋದ, ಎಷ್ಟು ಬರಿಗೈಯಲ್ಲಿ ಬಂದ, ಎಷ್ಟು ಬಾರಿ ಸಿಕ್ಕಿಬಿದ್ದ. ಮೂರನೇ ದಾಳಿಗಳು ಎಷ್ಟು, ಅವುಗಳಲ್ಲಿ ಗೆದ್ದದ್ದು ಎಷ್ಟು. ಬೋನಸ್‌ನಿಂದ ಬಂದ ಅಂಕ ಬೇರೆ, ಮುಟ್ಟಿ ತಂದದ್ದು ಬೇರೆ. ಬಲಬದಿಯಿಂದ ಹೋಗುತ್ತಾನೋ ಎಡಬದಿಯಿಂದಲೋ, ಎರಡೂ ಬದಿಗೆ ತಿರುಗಬಲ್ಲನೋ. ಸಿಕ್ಕಿಬಿದ್ದು ಹೊರಗೆ ಹೋದವನು ಮರಳಿ ಬಂದ ಮೊದಲ ದಾಳಿಯಲ್ಲಿ ಏನು ಮಾಡಿದ. ಹತ್ತು ಪಂದ್ಯಗಳ ಇಷ್ಟು ಲೆಕ್ಕ ಇದ್ದರೆ ಇಬ್ಬರು ಹುಡುಗರನ್ನು ನ್ಯಾಯವಾಗಿ ಹೋಲಿಸಬಹುದು. ಮ್ಯಾಟ್ ಮೇಲೋ ಮಣ್ಣಿನ ಮೇಲೋ ಎಂಬುದನ್ನೂ ಬರೆಯಬೇಕು. ಮಣ್ಣಿನಲ್ಲಿ ಬರಿಗಾಲಿನಲ್ಲಿ ಜಾರಿ ತಪ್ಪಿಸಿಕೊಳ್ಳುವ ಹುಡುಗನಿಗೆ ಮ್ಯಾಟ್ ಮೇಲೆ ಶೂ ಕಚ್ಚಿ ನಿಲ್ಲುತ್ತದೆ, ಅವನ ಆಟವೇ ಬೇರೆಯಾಗುತ್ತದೆ. ಮೊದಲ ತಿಂಗಳು ಅವನು ಕಳೆಗುಂದಿದರೆ ಅದು ಅವನ ಕೊರತೆಯಲ್ಲ.

ಮೇಲೇರುವ ಮೆಟ್ಟಿಲುಗಳು ಹಿಂದಿಗಿಂತ ಈಗ ಹೆಚ್ಚಿವೆ. ಯುವ ಆಟಗಾರರ ಯೋಜನೆಯಡಿ ತಂಡಗಳು ಹರಾಜಿನ ಹೊರಗೇ ಹುಡುಗರನ್ನು ಆರಿಸುತ್ತವೆ. 2022ರಲ್ಲಿ ಬೆಂಗಳೂರಿನಲ್ಲೇ ನಡೆದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಕಬಡ್ಡಿ ಫೈನಲ್ ತಲುಪಿದ ಎರಡೂ ತಂಡಗಳ ಆಟಗಾರರ ಹೆಸರುಗಳು ಆ ವರ್ಷದ ಪ್ರೊ ಕಬಡ್ಡಿ ಹರಾಜಿನ ಪಟ್ಟಿ ಸೇರಿದ್ದವು. ಕಾಲೇಜು ತಂಡದಲ್ಲಿ ಆಡುವುದೆಂದರೆ ಓದಿಗೆ ಅಡ್ಡಿ ಎಂದು ಹಿಂಜರಿಯುವ ಮನೆಗಳು ಇದನ್ನು ತಿಳಿದಿರಲಿ.

ಆಯ್ಕೆಯ ಕಣ್ಣು ಎಂದರೇನು ಎಂಬುದಕ್ಕೆ ನಮ್ಮವರೇ ಆದ ಕೋಚ್ ಬಿ.ಸಿ. ರಮೇಶ್ ಒಳ್ಳೆಯ ಉದಾಹರಣೆ. 2001ರ ಅರ್ಜುನ ಪ್ರಶಸ್ತಿ ಪುರಸ್ಕೃತರು. ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಕಪ್ ಗೆದ್ದವು. ಪುಣೇರಿ ತಂಡ ಯಾವ ಒಬ್ಬ ದೊಡ್ಡ ರೈಡರ್‌ನನ್ನೂ ನೆಚ್ಚಿರಲಿಲ್ಲ. ಅಸ್ಲಂ ಇನಾಂದಾರ್, ಮೋಹಿತ್ ಗೋಯತ್‌ರಂಥ ಯುವಕರು ದಾಳಿಯನ್ನು ಹಂಚಿಕೊಂಡರು, ಪಟ್ಟಿಯ ತುದಿಯಲ್ಲಿ ಅವರ್ಯಾರ ಹೆಸರೂ ಇರಲಿಲ್ಲ, ಕಪ್ ಮಾತ್ರ ಅವರದ್ದಾಯಿತು. ರಮೇಶ್ 2025ರಲ್ಲಿ ಬುಲ್ಸ್ ಹೊಣೆ ಹೊತ್ತರು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಪ್ಲೇಆಫ್‌ಗೆ ಏರಿತು. ಇರಾನ್‌ನಿಂದ ಬಂದ ಅಲಿರೆಜಾ ಮಿರ್ಜೈಯನ್ ದಾಳಿಯ ಭಾರ ಹೊತ್ತರೆ, ಗಣೇಶ ಬಿ. ಹನಮಂತಗೋಳ ಅವರಂಥ ಹೊಸ ಹೆಸರುಗಳೂ ಅಭಿಮಾನಿಗಳ ಕಿವಿಗೆ ಬಿದ್ದವು. ಅಕ್ಟೋಬರ್ ಕೊನೆಯ ಎಲಿಮಿನೇಟರ್‌ನಲ್ಲಿ ಬುಲ್ಸ್ ಓಟ ನಿಲ್ಲಿಸಿದ್ದು ಪಟ್ನಾ, ಅದೇ ಅಯಾನ್ ಇದ್ದ ತಂಡ.

ಹುಡುಗಿಯರ ಮಾತು ಬಂದರೆ ಹೋಲಿಸಲು ಲೆಕ್ಕವೇ ಸಿಗದು. ಕರ್ನಾಟಕದ ತೇಜಸ್ವಿನಿ ಬಾಯಿ, ಕಾರ್ಕಳ ಕಡೆಯ ಮಮತಾ ಪೂಜಾರಿ ಇಬ್ಬರೂ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ಪ್ರೊ ಕಬಡ್ಡಿಯವರು 2016ರಲ್ಲಿ ಮೂರು ತಂಡಗಳ ಮಹಿಳಾ ಪಂದ್ಯಾವಳಿ ಒಂದನ್ನು ನಡೆಸಿ ಅಲ್ಲಿಗೇ ಬಿಟ್ಟರು. ಹೀಗಾಗಿ ಕೆಂಗೇರಿಯ ಹದಿನೇಳರ ಹುಡುಗಿಯೊಬ್ಬಳ ದಾಳಿ ಚೆನ್ನಾಗಿದೆ ಎಂದರೆ ಯಾರಿಗಿಂತ, ಯಾವ ಮಟ್ಟದಲ್ಲಿ ಎಂದು ಹೇಳುವಷ್ಟು ಪಂದ್ಯಗಳೇ ಅವಳಿಗಿಲ್ಲ. ಇದು ಸರಿಯಲ್ಲ.

ಕಣ್ಣಾರೆ ನೋಡಿ ಹೋಲಿಸುವ ಅವಕಾಶವೂ ಊರಿನಿಂದ ದೂರ ಸರಿದಿದೆ. ಟಿ.ವಿ. ಕ್ಯಾಮೆರಾ ರೈಡರ್‌ನ ಬೆನ್ನು ಬಿಡುವುದಿಲ್ಲ. ಅವನು ಹೊರಗೆ ಕುಳಿತಾಗ ಏನು ಮಾಡುತ್ತಾನೆ, ರಕ್ಷಣೆಯಲ್ಲಿ ಎಲ್ಲಿ ನಿಲ್ಲುತ್ತಾನೆ, ಜೊತೆಗಾರನಿಗೆ ಏನು ಕೂಗಿ ಹೇಳುತ್ತಾನೆ ಎಂಬುದು ಗ್ಯಾಲರಿಯಲ್ಲಿ ಕುಳಿತವರಿಗೆ ಮಾತ್ರ ಕಾಣುತ್ತದೆ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿ ಕೊನೆಯದಾಗಿ ನಡೆದದ್ದು 2023ರ ಡಿಸೆಂಬರ್‌ನಲ್ಲಿ. 2024ರ ಪಂದ್ಯಗಳು ಹೈದರಾಬಾದ್, ನೊಯಿಡಾ, ಪುಣೆಗೆ ಹೋದವು, 2025ರವು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗೆ. ಕೆಂಗೇರಿಯಿಂದಲೂ ವಿಜಯನಗರದಿಂದಲೂ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದಾದ ಕ್ರೀಡಾಂಗಣ ಅದು. ಬುಲ್ಸ್ ತನ್ನ ಊರಿನ ಹೆಸರು ಹೊತ್ತ ತಂಡ. ಲೀಗ್‌ನ ಆಡಳಿತದ ಮುಂದೆ ಅದು ಇಡಬೇಕಾದ ಮೊದಲ ಬೇಡಿಕೆ, ವರ್ಷಕ್ಕೆ ಒಂದು ವಾರವಾದರೂ ಪಂದ್ಯಗಳು ಇಲ್ಲಿ ನಡೆಯಲಿ, ಶಾಲಾ–ಕಾಲೇಜು ತಂಡಗಳ ಹುಡುಗ ಹುಡುಗಿಯರಿಗೆ ಮ್ಯಾಟ್‌ಗೆ ಹತ್ತಿರದ ಸಾಲುಗಳನ್ನು ಬಿಡಲಿ ಎಂಬುದು.